ಎರಡು ಮೊಳದ ವಿಳಂಬ

ಕಾಲವಿಳಂಬವೆಂಬುದು ನಮ್ಮೂರು ಹೆಗ್ಗರಣೆಯಲ್ಲಿ ದೋಷಗಳ ಸಾಲಿಗೆ ಸೇರಿದುದಲ್ಲ. ಒಂಬತ್ತಕ್ಕೆಂದು ಸಾರಿದ ತಾಳಮದ್ದಳೆಯು ಹತ್ತೂವರೆಗೆ ಆರಂಭವಾದರೆ, ಅರ್ಥಧಾರಿಗಳಾಗಲಿ, ಕವಳ ಹಾಕುತ್ತ ಜಗುಲಿಯಲ್ಲಿ ಕುಳಿತ ಶ್ರೋತೃಗಳಾಗಲಿ ಗಡಿಯಾರವನ್ನು ನೋಡಿ ಮುಖ ಸಿಂಡರಿಸಿದುದನ್ನು ನಾನು ಕಂಡಿಲ್ಲ. ಆದರೆ ಭಾಗವತರ ಪದಕ್ಕೂ ಮದ್ದಳೆಯ ಪೆಟ್ಟಿಗೂ ನಡುವೆ ಕೂದಲೆಳೆಯಷ್ಟು ಬಿರುಕು ಬಿದ್ದರೆ ಸಾಕು, ಅದೇ ಶಾಂತಮೂರ್ತಿಗಳು ದೂರ್ವಾಸರಾಗುವರು.

ನಮ್ಮ ಮನೆಯ ಲಿನಕ್ಸ್ ಕಂಪ್ಯೂಟರಿಗೆ ಮೈಕು ತಗುಲಿಸಿ, ಕಿವಿಗೆ ಹೆಡ್‌ಫೋನು ಏರಿಸಿ ಪದ ಹೇಳಲು ಕುಳಿತ ಭಾಗವತ ಮಾವ ಎರಡನೆಯ ಸಾಲಿಗೇ ತಾಳವನ್ನು ಕೆಳಗಿಟ್ಟರು. “ತಮಾ, ಇದೆಂತದಾ? ಆನು ಹೇಳಿದ ಮೇಲೆ ಮತ್ಯಾರೋ ಹೇಳ್ತಾ ಇದ್ದ!” ಆ ಮತ್ಯಾರೋ ಎಂಬಾತ ಮಾವನ ಸ್ವಂತ ಕಂಠವೇ ಆಗಿದ್ದನು.

ಕಂಪ್ಯೂಟರು ನಾದವನ್ನು ಸೆಕೆಂಡಿಗೆ 48,000 ಮಾದರಿಗಳಾಗಿ ಕತ್ತರಿಸಿ, 1024ರ ಕಂತೆಯೊಂದು ತುಂಬಿದ ಬಳಿಕವೇ ಮುಂದಕ್ಕೆ ಕಳುಹುವುದು. ತುಂಬಲು 21 ಮಿಲಿಸೆಕೆಂಡು. ಅಷ್ಟರಲ್ಲಿ ಶಬ್ದವು ಗಾಳಿಯಲ್ಲಿ ಏಳು ಮೀಟರು, ಮಾವನ ಲೆಕ್ಕದಲ್ಲಿ ಹದಿನಾರು ಮೊಳ, ನಡೆದಿರುತ್ತದೆ. ಒಳಹೋಗಲೊಂದು, ಹೊರಬರಲೊಂದು ಕಂತೆಯೆಂದರೆ ಕನಿಷ್ಠ ಮೂವತ್ತೆರಡು ಮೊಳ!

ಕಂತೆಯನ್ನು ಕಿರಿದುಗೊಳಿಸಿದರಾಯಿತಲ್ಲ ಎನ್ನುವಿರಿ. ಸಂತರ್ಪಣೆಯ ಪಂಕ್ತಿಯಲ್ಲಿ ಸಣ್ಣ ಪಾತ್ರೆ ಹಿಡಿದು ಸಾರು ಬಡಿಸುವವನು ಅಡಿಗೆಮನೆಗೆ ಮತ್ತೆ ಮತ್ತೆ ಓಡಬೇಕು. ಒಳಗಿನ ಭಟ್ಟರು ಒಮ್ಮೆ ಹೋಳಿಗೆಯತ್ತ ತಿರುಗಿದರೆ ಇತ್ತ ಎಲೆ ಬರಿದು. ಕಂಪ್ಯೂಟರಿನಲ್ಲಿ ಆ ಬರಿದಾದ ಎಲೆಗೆ ‘ಎಕ್ಸ್‌ರನ್’ ಎಂದು ಹೆಸರು. ಕೇಳುವವರಿಗೆ ಅದು ‘ಚಟ್’ ಎಂಬ ಅಪಸ್ವರ. ಏನೇ ಕೆಲಸವಿದ್ದರೂ ಸಾರಿನವನು ಬಂದೊಡನೆ ಸೌಟೆತ್ತತಕ್ಕದ್ದೆಂದು ಲಿನಕ್ಸಿನ ತಿರುಳಾದ ಕರ್ನಲ್ಲಿಗೆ ವಿಧಿಸುವ ಶಾಸನವು ಸುಮಾರು ಇಪ್ಪತ್ತು ವರ್ಷ ಹೊರಗಿನ ತೇಪೆಯಾಗಿಯೇ ಇದ್ದು, 2024ರಲ್ಲಿ, 6.12ನೆಯ ಆವೃತ್ತಿಗೆ, ಮೂಲದೊಳಗೆ ಪ್ರವೇಶ ಪಡೆಯಿತು. ವಿಳಂಬವನ್ನು ನೀಗಿಸುವ ಈ ಸಾಧನಕ್ಕಿಂತ ನಮ್ಮ ತಾಳಮದ್ದಳೆಯೇ ಬೇಗ ಆರಂಭವಾಗುತ್ತದೆ!

ಧ್ವನಿಯ ಕೆಲಸಕ್ಕೆ ಅಗ್ರಾಧಿಕಾರವನ್ನು ಕೊಟ್ಟು, ಪ್ರೊಸೆಸರು ತೂಕಡಿಸದಂತೆ ಅದನ್ನು ‘ಪರ್ಫಾರ್ಮೆನ್ಸ್’ ಸ್ಥಿತಿಯಲ್ಲಿ ನಿಲ್ಲಿಸಿ, ಲಿನಕ್ಸಿನಲ್ಲಿ ಧ್ವನಿಯನ್ನು ಸಾಗಿಸುವ ಪೈಪ್‌ವೈರಿನಲ್ಲಿ ಕಂತೆಯನ್ನು 128ಕ್ಕೆ ಇಳಿಸಿದೆನು. ಈಗ ಕಂತೆಗೆ 2.7 ಮಿಲಿಸೆಕೆಂಡು, ಎಂದರೆ ಎರಡು ಮೊಳ; ಹೋಗಿಬರಲು ನಾಲ್ಕು. ಮಾವ ತಾಳವನ್ನು ಮತ್ತೆ ಕೈಗೆತ್ತಿಕೊಂಡರು.

64, 32 ಎಂದು ಇನ್ನೂ ಇಳಿಯುತ್ತ ಹೋಗುವ ಹಠವು ಕೆಲವರಿಗುಂಟು. ಆದರೆ ಭಾಗವತರಿಗೂ ಮದ್ದಳೆಯವನಿಗೂ ನಡುವೆ ಕೂಟದಲ್ಲಿಯೂ ಎರಡು ನಾಲ್ಕು ಮೊಳದ ಅಂತರವಿದ್ದೇ ಇರುತ್ತದೆ. ಅದರಿಂದ ಯಾವ ಪ್ರಸಂಗವೂ ಕೆಟ್ಟುದಿಲ್ಲ. ಆದುದರಿಂದ, ವಾಚಕ ಮಹಾಶಯರೇ, 128ಕ್ಕೆ ನಿಲ್ಲಿಸಿ ಹಾಡಿರಿ. ಅನಂತರವೂ ತಾಳ ತಪ್ಪಿದರೆ ಲಿನಕ್ಸನ್ನು ದೂರಬೇಡಿರಿ.