ಒಂದು ರಾತ್ರಿಯ ಕುರುಕ್ಷೇತ್ರ: ಹಾರ್ಮೋನಿಯಂ ಮೇಷ್ಟ್ರ ಬಳಕೆಗೆ

ಪೆಟ್ಟಿಗೆ ಬಿಚ್ಚುವ ಮೊದಲು ಇದನ್ನು ಓದಿಕೊಳ್ಳಿ. ತಾವು ಡ್ರಾಮಾ ಮೇಷ್ಟ್ರು. ಶೆಟ್ಟಿಕೆರೆಯ ಸುತ್ತ, ಅತ್ತ ತಿಪಟೂರು, ಇತ್ತ ಚಿಕ್ಕನಾಯಕನಹಳ್ಳಿ, ತುರುವೇಕೆರೆವರೆಗೆ ಟೀ ಅಂಗಡಿಯವನು ನಿಮ್ಮಿಂದ ದುಡ್ಡು ತೆಗೆದುಕೊಳ್ಳುವುದಿಲ್ಲ. ಗುಬ್ಬಿ ದಾಟಿದರೆ ಕಂಡಕ್ಟರು ಪೆಟ್ಟಿಗೆಗೆ ಲಗೇಜ್ ಟಿಕೆಟ್ ಹರಿಯುತ್ತಾನೆ. ಎರಡಕ್ಕೂ ಒಂದೇ ಮುಖ ಇಟ್ಟುಕೊಳ್ಳಬಲ್ಲವರಿಗೆ ಮಾತ್ರ ಮುಂದಿನ ಸೂಚನೆಗಳು.

ವೀಳ್ಯ ಹಿಡಿಯುವ ಮುನ್ನ ಕೊಬ್ಬರಿ ರೇಟು ಕೇಳಿ. ನಮ್ಮ ಕಡೆ ನಾಟಕದಲ್ಲಿ ಪಾರ್ಟು ಮಾಡುವವರೇ ದುಡ್ಡು ಕೊಡುವುದು. ಕೃಷ್ಣ, ದುರ್ಯೋಧನ ದುಬಾರಿ, ವಿದುರ ಅಗ್ಗ. 2023ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 11,750 ರೂಪಾಯಿ ಬೆಂಬಲ ಬೆಲೆ ಅಂತ ಕಾಗದದಲ್ಲಿತ್ತು, ತಿಪಟೂರು ಮಾರುಕಟ್ಟೆಯಲ್ಲಿ ಅದಕ್ಕಿಂತ ಎಷ್ಟೋ ಕೆಳಗೆ ಬಿದ್ದಿತ್ತು. ಅಂಥ ವರ್ಷ ಕೃಷ್ಣನೂ ಕಂತಿನಲ್ಲಿ ಕೊಡುತ್ತಾನೆ. 2025ರಲ್ಲಿ ರೇಟು 20,000 ದಾಟಿದಾಗ ವಿದುರನ ಪಾರ್ಟಿಗೂ ಇಬ್ಬರು ಬಂದರೆ ಆಶ್ಚರ್ಯವಿಲ್ಲ. ರೇಟು ಹೆಚ್ಚಿದಷ್ಟೂ ಕಂಠ ಸುಧಾರಿಸುತ್ತದೆ ಎಂದು ಮಾತ್ರ ತಿಳಿಯಬೇಡಿ.

ತಾಲೀಮು ಮೂರು ತಿಂಗಳು. ಕೊಬ್ಬರಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕೂತ ಮೇಲೆ ಕಾಯಿ ಅಲ್ಲಾಡಿಸಿದರೆ ಒಳಗೆ ಗಡಗಡ ಅನ್ನುತ್ತದೆ, ಆಗ ಸುಲಿಯುತ್ತೇವೆ. ನಮ್ಮ ದುರ್ಯೋಧನನಿಗೆ ಸಿಕ್ಕಿದ್ದು ಮೂರೇ ತಿಂಗಳು. ಅಲ್ಲಾಡಿಸಿದರೆ ಇನ್ನೂ ನೀರು.

ನಾಟಕದ ರಾತ್ರಿ ಪೆಟ್ಟಿಗೆಯನ್ನು ರಂಗದ ಮುಂದೆ, ಪಕ್ಕಕ್ಕೆ ಇಡಿ. ಕಾಲಲ್ಲಿ ತಿದಿ ಒತ್ತುವ ಲೆಗ್ ಹಾರ್ಮೋನಿಯಂ ಆದರೆ ಒಳ್ಳೆಯದು, ಎರಡು ಕೈಯೂ ಬಿಡುವು: ಒಂದು ಮನೆಗಳ ಮೇಲೆ, ಇನ್ನೊಂದು ಪುಸ್ತಕದ ಹಾಳೆ ತಿರುವಲು, ಮಾತು ಮರೆತವನಿಗೆ ಸನ್ನೆ ಮಾಡಲು. ಗುಬ್ಬಿ ಕಂಪನಿಯವರು ಕುರುಕ್ಷೇತ್ರಕ್ಕೆ ನಿಜವಾದ ಆನೆಯನ್ನೇ ರಂಗಕ್ಕೆ ತಂದಿದ್ದರು. ನಮ್ಮಲ್ಲಿ ಆನೆಯ ಕೆಲಸವನ್ನೂ ತಬಲದವನೇ ಮಾಡಬೇಕು. ಅವನಿಗೆ ಹೊತ್ತಿಗೆ ಸರಿಯಾಗಿ ಊಟ ಹಾಕಿಸಿ.

ಈಗ ಮುಖ್ಯವಾದದ್ದು. ದುರ್ಯೋಧನ ಮೂರು ತಿಂಗಳೂ ಒಂದನೇ ಬಿಳಿ ಮನೆಯಲ್ಲಿ ಹಾಡಿದ್ದಾನೆ. ಪರದೆ ಎದ್ದಿತು, ಮುಂದೆ ಅತ್ತೆಯ ಊರಿನವರು ಚಾಪೆ ಹಾಸಿ ಕೂತಿದ್ದಾರೆ, ಕಿರೀಟ ಹಣೆಯನ್ನು ಒತ್ತುತ್ತಿದೆ, ಪರದೆ ಹಿಂದೆ ಯಾರೋ ಕೊಟ್ಟ ಲೋಟದಲ್ಲಿದ್ದದ್ದು ನೀರಲ್ಲ. ನೀವು ಶ್ರುತಿ ಕೊಡುತ್ತೀರಿ. ಅವನು ಅದನ್ನು ಕೇಳಿಸಿಕೊಂಡು, ತಲೆಯಾಡಿಸಿ, ಬೇರೆ ಕಡೆಯಿಂದ ಕಂದ ಎತ್ತುತ್ತಾನೆ. ಸ್ಕೇಲ್ ಚೇಂಜರ್ ತಿರುಗಿಸಲು ಹೊತ್ತಿಲ್ಲ. ಅವನ ಮುಖ ನೋಡಬೇಡಿ, ಕತ್ತು ನೋಡಿ. ನರ ಉಬ್ಬಿದ್ದರೆ ಮೇಲೆ ಹೋಗಿದ್ದಾನೆ. ಮೊದಲ ಮೂರು ಅಕ್ಷರ ಮುಗಿಯುವಷ್ಟರಲ್ಲಿ ನಿಮ್ಮ ಹೆಬ್ಬೆರಳು ಎರಡನೇ ಕಪ್ಪು ಮನೆ ತಡವಿರಬೇಕು. ನಾಲ್ಕನೆಯ ಅಕ್ಷರಕ್ಕೆ ಮೆಲ್ಲಗೆ ಒತ್ತಿ, ಐದಕ್ಕೆ ತುಂಬು ಗಾಳಿ ಬಿಡಿ. ಅವನು ತಪ್ಪಿದ ಮನೆಯೇ ಇನ್ನು ಷಡ್ಜ. ಮೋಹನದಲ್ಲಿ ಹೊರಟವನು ಮೂರನೇ ಸಾಲಿಗೆ ಕಲ್ಯಾಣಿಯ ಹೊಲಕ್ಕೆ ನುಗ್ಗಿದರೆ ಬೇಲಿ ಕಟ್ಟಲು ಹೋಗಬೇಡಿ, ಹಿಂದೆಯೇ ನಡೆಯಿರಿ. ದಮ್ಮು ಮುಗಿದಾಗ ತಾನೇ ನಿಲ್ಲುತ್ತಾನೆ. ನಿಂತಲ್ಲಿ ನೀವು ಮೊದಲೇ ಹೋಗಿ ಕಾದಿರಬೇಕು. ಜನ ಶಿಳ್ಳೆ ಹಾಕುತ್ತಾರೆ. ಮಾವ ಬಂದು ಅಳಿಯನ ಎದೆಗೆ ನೋಟು ಚುಚ್ಚುತ್ತಾನೆ. ಒನ್ಸ್ ಮೋರ್ ಎಂದು ಕೂಗಿದರೆ ಎರಡನೇ ಸಲ ಇನ್ನೊಂದು ಮನೆಯಲ್ಲಿ ಎತ್ತುತ್ತಾನೆ, ಗಾಬರಿ ಬೇಡ.

1940ರಿಂದ 1971ರವರೆಗೆ ಆಕಾಶವಾಣಿ ಹಾರ್ಮೋನಿಯಂ ಅನ್ನು ಹೊರಗೆ ನಿಲ್ಲಿಸಿತ್ತು. ಗಮಕ ಬರದ ವಾದ್ಯ, ಸ್ವರಗಳು ಗೂಟಕ್ಕೆ ಕಟ್ಟಿದಂತೆ ನಿಲ್ಲುತ್ತವೆ ಅನ್ನುವುದು ಆಕ್ಷೇಪಣೆ. ಆಕ್ಷೇಪ ಮಾಡಿದವರು ದುರ್ಯೋಧನನ ಪಕ್ಕ ಕೂತವರಲ್ಲ. ಅವನ ಗಂಟಲಲ್ಲಿ ಊರಿಗೆಲ್ಲ ಹಂಚುವಷ್ಟು ಗಮಕವಿದೆ, ಇಲ್ಲದಿರುವುದು ಗೂಟ.

ಸಾಮಾನ್ಯ ದೋಷಗಳು: ನಡುರಾತ್ರಿ ಒಂದು ಮನೆ ಒತ್ತದೆಯೇ ಕೂಗತೊಡಗಿದರೆ ದೀಪಕ್ಕೆ ಬಂದ ಹುಳ ಒಳಗೆ ಸೇರಿಕೊಂಡಿದೆ. ದ್ರೌಪದಿಯ ಸೀನಿಗೆ ಕಾಯಿರಿ, ಅವಳು ಹೊರಗಿನಿಂದ ಬಂದ ಕಲಾವಿದೆ, ಪೆಟ್ಟಿಗೆ ಇಲ್ಲದೆಯೂ ಶ್ರುತಿ ಬಿಡುವುದಿಲ್ಲ. ಆ ಹೊತ್ತಿನಲ್ಲಿ ಮುಚ್ಚಳ ಎತ್ತಿ, ಮದುವೆ ಕಾಗದದ ಅಂಚನ್ನು ರೀಡಿನ ಸಂದಿಯಲ್ಲಿ ಆಡಿಸಿ ಹುಳ ತೆಗೆಯಿರಿ. ಕೀಬೋರ್ಡಿನ ಹುಡುಗ ನಿಮಗಿಂತ ಜೋರಾದರೆ ಮೈಕಿನವನಿಗೆ ಒಂದು ಎಲೆ ಅಡಿಕೆ ಕೊಟ್ಟು ನೋಡಿ. ಕರ್ಣ ಸಾಯುವುದನ್ನು ನಿಧಾನ ಮಾಡಿದರೆ ಅವಸರಿಸಬೇಡಿ, ಪಾರ್ಟಿಗೆ ದುಡ್ಡು ಕೊಟ್ಟಿದ್ದಾನೆ.

ಬೆಳಗಿನ ಜಾವ ಮಂಗಳ. ಒಪ್ಪಿದ್ದರಲ್ಲಿ ಸ್ವಲ್ಪ ಕಡಿಮೆಯಿರುತ್ತದೆ, ಬದಲಿಗೆ ಒಂದು ಚೀಲ ತೆಂಗಿನಕಾಯಿ. ಸುಲಿದೇ ಕೊಡಿ ಎಂದು ಕೇಳಿ. ಸಿಪ್ಪೆ ಸಮೇತ ಒಯ್ದರೆ ಬಸ್ಸಿನಲ್ಲಿ ಅದಕ್ಕೂ ಟಿಕೆಟ್. ಪೆಟ್ಟಿಗೆಯ ಮೇಲಿನ ಇಬ್ಬನಿ ಒರೆಸಿ, ತಿದಿಯ ಗಾಳಿ ಪೂರ್ತಿ ಬಿಟ್ಟು, ಮುಚ್ಚಿ. ಮೊದಲ ಬಸ್ಸಿಗೆ ಕಾಯುವಾಗ ಡೈರಿಗೆ ಹಾಲು ಹಾಕಲು ದುರ್ಯೋಧನ ಬರುತ್ತಾನೆ, ಕಿವಿಯ ಹಿಂದೆ ಇನ್ನೂ ಬಣ್ಣ. ಕ್ಯಾನ್ ಹಿಡಿದು ಸಾಲಿನಲ್ಲಿ ನಿಂತವರಲ್ಲಿ ಒಬ್ಬರು ನಿಮ್ಮ ಕಡೆ ತಿರುಗಿ, ‘ಏನ್ ಮೇಷ್ಟ್ರೇ, ಶ್ರುತಿ ಅಂದ್ರೆ ಶ್ರುತಿ, ಒಂದ್ ಕೂದ್ಲೆಳೆ ಅಲ್ಲಾಡ್ಲಿಲ್ಲ ಕಣ್ರೀ ಇವ್ನು’ ಅನ್ನುತ್ತಾರೆ.

ಹೌದು ಅನ್ನಿ.