ಬೆಳಕು ನೋಡಿ ಬಂದವರು

ಮೈಸೂರು ಅರಮನೆಯ ದೀಪಾಲಂಕಾರ ನೋಡಲೇಬೇಕೆಂಬ ಮನೆಯಾಕೆಯ ಹಠಕ್ಕೆ ಸೋತು ಒಂದು ಭಾನುವಾರ ಹೋದೆವು. ಸಂಜೆ ಏಳಕ್ಕೆ ಸುಮಾರು 97,000 ಬಲ್ಬುಗಳು ಒಮ್ಮೆಗೇ ಹತ್ತಿದಾಗ ಜನವೆಲ್ಲ ‘ಓ’ ಎಂದರು. ನಾನು ಮಾತ್ರ ಕರೆಂಟ್ ಬಿಲ್ಲಿನ ಲೆಕ್ಕ ಹಾಕುತ್ತಿದ್ದೆ. ಗೋಪುರ, ಕಮಾನುಗಳ ಅಂಚಿಗೆಲ್ಲ ಬಲ್ಬು ಪೋಣಿಸಿದ್ದರಿಂದ 1912ರಲ್ಲಿ ಕಟ್ಟಿ ಮುಗಿಸಿದ ಆ ಭಾರೀ ಅರಮನೆ ಮಾಯವಾಗಿ, ಬೆಳಕಿನ ರಂಗೋಲಿಯಷ್ಟೇ ಉಳಿದಿತ್ತು. “ದೀಪ ಹಾಕೋದೂ ಒಂದು ವಿದ್ಯೆ ಕಣ್ರೀ” ಎಂದಳು. ಒಪ್ಪಿದೆ. (ಒಪ್ಪುವುದೂ ಒಂದು ವಿದ್ಯೆಯೇ.)

ಮರುದಿನ ವಾಪಸು. ಕೊರಟಗೆರೆ ದಾಟಿ ಮಧುಗಿರಿ ಮುಟ್ಟುವಾಗ ರಾತ್ರಿ. ಏಕಶಿಲಾ ಬೆಟ್ಟ, ಕೋಟೆಗೋಡೆ, ಎಲ್ಲಕ್ಕೂ ಸೇರಿ ಒಂದೇ ದೀಪ: ಚಂದ್ರ. ಬಿಲ್ಲೂ ಇಲ್ಲ.

ಪಾವಗಡಕ್ಕೆ ಬಂದರೆ ನಮ್ಮ ಬೀದಿಗೆ ಬೀದಿಯೇ ಕತ್ತಲು! ತಿರುಮಣಿ ಸುತ್ತ 13,000 ಎಕರೆಯಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಹರಡಿಕೊಂಡ ತಾಲ್ಲೂಕು ಸ್ವಾಮಿ ನಮ್ಮದು. ಪಕ್ಕದ ಮನೆ ಅಜ್ಜಿ ಜಗಲಿಯಿಂದಲೇ ಸಮಾಧಾನ ಹೇಳಿದರು: “ಹೊತ್ತು ಮುಳುಗಿದ ಮೇಲೆ ಆ ಗಾಜಿನ ಹಲಗೆಗಳೂ ಮಲಗ್ತವೆ ಕಣಪ್ಪ. ನೀನೂ ಮಲಕ್ಕೋ.”

ಬೀಗದ ತೂತು ಹುಡುಕಲು ಮೊಬೈಲ್ ಟಾರ್ಚ್ ಹಾಕಿದೆ. ಅರಮನೆಯ ಫೋಟೊ ತೆಗೆದೂ ತೆಗೆದೂ ಚಾರ್ಜು ಶೇಕಡಾ 2ಕ್ಕೆ ಇಳಿದಿತ್ತು.