ಟೋಕನ್ ಅಕ್ಕ

ಚಿತ್ರದುರ್ಗದಲ್ಲಿ ಹೆಂಗಸರ ಡಾಕ್ಟರ ಹತ್ತಿರ ಹೋದವರಿಗೆ ಮೊದಲು ಸಿಗುವುದು ಡಾಕ್ಟರಲ್ಲ, ಟೋಕನ್ ಅಕ್ಕ. ಯಾವ ನರ್ಸಿಂಗ್ ಹೋಮ್ ಎಂದು ಕೇಳಬೇಡಿ. ಮುಂದಿನ ತಿಂಗಳು ಮತ್ತೆ ಹೋಗುವುದಿದೆ. ಆಕೆ ನರ್ಸ್ ಅಲ್ಲ, ಆದರೂ ಎಲ್ಲರ ಬಾಯಲ್ಲೂ ಸಿಸ್ಟರ್. ಮುಂದೆ ಉದ್ದನೆಯ ರಿಜಿಸ್ಟರ್, ಕಿವಿ ಸಂದಿಯಲ್ಲಿ ಪೆನ್ನು, ಬೆನ್ನ ಹಿಂದೆ ಬೆಂಗಳೂರು ಪ್ರೆಸ್ ಕ್ಯಾಲೆಂಡರ್. ನಿನ್ನೆಯೇ ಫೋನ್ ಮಾಡಿ ಹೆಸರು ಬರೆಸಿದ್ದೆ ಅಂದೆ. "ಫೋನಿನೋರ್ದು ಬೇರೆ ಲೈನು" ಅಂದಳು. ಆ ಬೇರೆ ಲೈನು ಯಾವುದೆಂದರೆ, ಇದೇ ಲೈನಿನ ಬಾಲ.

ಅಕ್ಕನಿಗೆ ಹೆಸರುಗಳ ಮೇಲೆ ನಂಬಿಕೆ ಇಲ್ಲ. ಒಂದೇ ಬೆಳಿಗ್ಗೆ ನಾಲ್ಕು ಜನ ಲಕ್ಷ್ಮಿಯರು ಬಂದರೆ ಪಾಪ ಅವಳಾದರೂ ಏನು ಮಾಡಿಯಾಳು? ಊರು, ಕಾಯಿಲೆ ಎರಡನ್ನೂ ಗಂಟು ಹಾಕಿ ಕೂಗುತ್ತಾಳೆ. "ಹೊಸದುರ್ಗ ಏಳು ತಿಂಗಳು, ಬಿಪಿ ನೋಡಿಸ್ಕಳಿ!" "ಹೊಳಲ್ಕೆರೆ ಬಿಳಿಮುಟ್ಟು, ಒಳಗೋಗಮ್ಮ!" ಹೊಳಲ್ಕೆರೆಯ ಹುಡುಗಿ ವೇಲಿನಲ್ಲಿ ಮುಖ ಮುಚ್ಚಿಕೊಂಡು ಓಡಿದಳು. ಬಾಗಿಲ ಬಳಿ ಕೂತಿದ್ದ ಗಂಡಸರೆಲ್ಲ ಒಟ್ಟಿಗೆ ಫ್ಯಾನ್ ನೋಡಿದರು. ನಾನು ಇದೇ ಊರಿನವಳು, ಹಾಗಾಗಿ 'ಮೇದೇಹಳ್ಳಿ ರೋಡ್ ಗಡ್ಡೆ'.

ದುರ್ಗದಲ್ಲಿ ಬಾಗಿಲು ಕಾಯುವ ಹೆಣ್ಣಿನ ಬಗ್ಗೆ ಬರೆದರೆ ಓಬವ್ವನ ಹೆಸರು ಎತ್ತಲೇಬೇಕಂತೆ. ಎತ್ತುವುದಿಲ್ಲ. ಓಬವ್ವನ ಕಿಂಡಿಯಲ್ಲಿ ಹೈದರಾಲಿಯ ಸೈನಿಕರಿಗೇ ನುಸುಳಲಾಗಲಿಲ್ಲ. ಇಲ್ಲಿ ಬ್ಯಾಗ್ ಹಿಡಿದ ಮೆಡಿಕಲ್ ರೆಪ್‌ಗಳು ನಮ್ಮ ಮೂಗಿನ ಕೆಳಗೇ ನುಸುಳುತ್ತಾರೆ.

ಆದರೆ ಒಂದು ವಿದ್ಯೆಯಲ್ಲಿ ಅವಳನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಕಡೆಯ ಮುಟ್ಟು ಯಾವತ್ತು ಎಂದು ಕೇಳಿದರೆ ಹಳ್ಳಿಯವರು ತಾರೀಖು ಹೇಳುವುದಿಲ್ಲ. ಹಿರಿಯೂರು ಕಡೆಯ ಸೊಸೆಯೊಬ್ಬಳು ತಲೆ ತಗ್ಗಿಸಿ ನಿಂತಿದ್ದಳು, ಅತ್ತೆಯೇ ಉತ್ತರ ಕೊಟ್ಟಳು: "ನಾಯಕನಹಟ್ಟಿ ತೇರಾಗಿ ನಾಕು ದಿನಕ್ಕೆ ಹೊರಗಾಗಿದ್ಲು ಕಣವ್ವ." ಅಕ್ಕ ತಿರುಗಿ ಕ್ಯಾಲೆಂಡರ್ ಹಾಳೆ ಮಗುಚಿ, ಬೆರಳಿಟ್ಟು ಎಣಿಸಿದಳು. "ಮಾರ್ಚ್ 20. ಏಳು ದಿನ ಮುಂದಕ್ಕೆ, ಮೂರು ತಿಂಗಳು ಹಿಂದಕ್ಕೆ... ಡಿಸೆಂಬರ್ 27. ಚಳಿ ಟೈಮು, ಕುಲಾವಿ ನೋಡ್ಕಳಿ." ಒಳಗೆ ಮೇಡಮ್ಮೋರ ಕಂಪ್ಯೂಟರೂ ಅದೇ ತಾರೀಖು ಹೇಳುತ್ತದೆ, ಕುಲಾವಿ ಒಂದನ್ನು ಬಿಟ್ಟು.

ಅತ್ತೆ ಇನ್ನೂ ಹತ್ತಿರ ಬಾಗಿದಳು. "ಸ್ಕ್ಯಾನಿಂಗ್‌ನಾಗೆ ಗಂಡೋ ಹೆಣ್ಣೋ..."

ಅಕ್ಕನ ದನಿ ಅವತ್ತು ಮೊದಲ ಸಲ ತಗ್ಗಿತು. ಪೆನ್ನಿನ ತುದಿಯಿಂದ ಗೋಡೆಯ ಬೋರ್ಡ್ ತೋರಿಸಿ, "1994ರ ಕಾಯ್ದೆ ಐತೆ ಕಣಜ್ಜಿ. ಹೇಳಿದ್ರೆ ಮೇಡಮ್ಮೋರು ಜೈಲಿಗೆ, ಕೇಳಿದ್ರೆ ನೀನೂ" ಅಂದಳು. ಮೂರು ತಾಲ್ಲೂಕಿನ ಗಡ್ಡೆಗಳನ್ನು ಬೀದಿಗೆ ಸಾರುವ ಬಾಯಿ ಕಾಪಾಡುವ ಗುಟ್ಟು ಇದೊಂದೇ.

ನನ್ನ ಸರದಿ ಹತ್ತಿರ ಬಂತು. "ನಿಮ್ಗೂ ಸ್ಕ್ಯಾನಿಂಗ್ ಐತೆ. ಒಂದು ಲೀಟರ್ ನೀರು ಕುಡುದು, ಕಟ್ಕಂಡು ಕುಂತ್ಕಳಿ." ಕುಡಿದೆ, ಕೂತೆ. ಅಷ್ಟರಲ್ಲಿ ಹೆರಿಗೆ ಕೇಸ್ ಬಂತು, ಮೇಡಮ್ಮೋರು ಮೇಲಕ್ಕೆ ಓಡಿದರು. "ಇನ್ನೆಷ್ಟೊತ್ತು ಸಿಸ್ಟರ್?" "ಹತ್ ನಿಮಿಷ." ಆ ಹತ್ತು ನಿಮಿಷ ಐದು ಸಲ ಬಂದು ಹೋಯಿತು. ಕಾಲ ಮೇಲೆ ಕಾಲು ಹಾಕಿದೆ, ತೆಗೆದೆ, ಎದ್ದು ನಿಂತೆ, ನಿಂತದ್ದೇ ತಪ್ಪಾಯಿತು. ಪಕ್ಕದಲ್ಲಿ ಯಾರೋ ಫಿಲ್ಟರ್‌ನಿಂದ ಸಣ್ಣಗೆ ನೀರು ಹಿಡಿಯುತ್ತಿದ್ದರು. ಹಿರಿಯೂರಿನ ವಾಣಿ ವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ. ನನಗೆ ಅಷ್ಟು ವ್ಯವಧಾನ ಇರಲಿಲ್ಲ.

ಟಾಯ್ಲೆಟ್ ಚಿಲಕ ತೆಗೆಯುವಾಗಲೇ ಕೇಳಿಸಿತು: "ಮೇದೇಹಳ್ಳಿ ರೋಡ್ ಗಡ್ಡೆ! ಮೇಡಮ್ಮೋರು ಕರೀತಾವ್ರೆ!"

ನನ್ನ ಮುಖ ನೋಡಿದ್ದೇ ಅಕ್ಕನಿಗೆ ತಿಳಿದುಹೋಯಿತು. "ಹೋಗ್ಬಿಟ್ರಾ?" ಅಂದಳು, ಇಡೀ ಹಾಲ್‌ಗೆ ಕೇಳುವ ಹಾಗೆ. ಗಂಡಸರು ಮತ್ತೆ ಫ್ಯಾನ್ ನೋಡಿದರು. ಆಮೇಲೆ ಟೇಬಲ್ ಕೆಳಗಿಂದ ತನ್ನದೇ ಸ್ಟೀಲ್ ಬಾಟಲಿ ತೆಗೆದು ನನ್ನ ಕಡೆ ಸರಿಸಿದಳು.

"ಪೂರ್ತಿ ಕುಡೀರಿ. ಹತ್ತೇ ನಿಮಿಷ."